ಸಿಂಕ್ ಇದೆ, ಪಾಡೊ ಬರುತ್ತಿಲ್ಲ: ಲಿನಕ್ಸ್ ರೂಟರ್‌ನಲ್ಲಿ ಎಟಿಎಂ ಕೂರಿಸಿದ ಒಂದು ಪ್ರಕರಣ

ಡಿಎಸ್‌ಎಲ್ ದೀಪ ಮಿಟುಕದೆ ಹಸಿರಾಗಿ ನಿಂತಿದೆ. ಲಾಗ್‌ನಲ್ಲಿ ಮಾತ್ರ ಒಂದೇ ಸಾಲು ಮತ್ತೆ ಮತ್ತೆ ಬೀಳುತ್ತಿದೆ: ‘ಟೈಮ್‌ಔಟ್ ವೇಟಿಂಗ್ ಫಾರ್ ಪಾಡೊ ಪ್ಯಾಕೆಟ್ಸ್’. ಪಾಡೊ ಎಂದರೆ ಸಂಪರ್ಕ ಕೇಳಿದಾಗ ಆಚೆ ತುದಿಯಿಂದ ಬರಬೇಕಾದ ಮೊದಲ ಉತ್ತರ. ಇಂಟರ್ನೆಟ್ ಇಲ್ಲ. ಹಳೆಯ ಫರ್ಮ್‌ವೇರ್ ಇದ್ದಾಗ ಇದೇ ರೂಟರ್, ಇದೇ ತಂತಿ, ಇದೇ ಪಾಸ್‌ವರ್ಡ್‌ನಲ್ಲಿ ಎಲ್ಲ ಸರಿಯಾಗಿತ್ತು.

ಸಜ್ಜು ಹೀಗಿದೆ. ಮಲೆನಾಡಿನ ತೋಟವೊಂದರ ಕಚೇರಿ, ಫೈಬರ್ ಇನ್ನೂ ತಲುಪದ ಜಾಗ. ಬಿಎಸ್‌ಎನ್‌ಎಲ್‌ನ ತಾಮ್ರದ ಜೋಡಿ ತಂತಿ, ಅದರ ಮೇಲೆ ಎಡಿಎಸ್‌ಎಲ್2+. ರೂಟರ್ ಟಿಪಿ-ಲಿಂಕ್ ಟಿಡಿ-ಡಬ್ಲ್ಯು8970, ಮೊದಲ ಆವೃತ್ತಿ: ಲ್ಯಾಂಟಿಕ್ ಚಿಪ್, 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್. ಫೋಟೊ, ಲೆಕ್ಕದ ಫೈಲ್ ಅಪ್‌ಲೋಡ್ ಆಗುವಾಗಲೆಲ್ಲ ಇಂಟರ್ನೆಟ್ ಫೋನಿನ ಮಾತು ತುಂಡು ತುಂಡಾಗುತ್ತಿತ್ತು. ಅದಕ್ಕೆ ಮದ್ದು ಎಂದು ಮೂಲ ಫರ್ಮ್‌ವೇರ್ ತೆಗೆದು ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್ ಆದ ಓಪನ್‌ಡಬ್ಲ್ಯುಆರ್‌ಟಿ 19.07 ಹಾಕಲಾಯಿತು. ಆಗ ಬಂದ ಸ್ಥಿತಿ ಮೇಲಿನದು. ಎಕ್ಸ್‌ಚೇಂಜ್ ಕಡೆ ಯಾವ ತೊಂದರೆಯೂ ಇರಲಿಲ್ಲ. ತಪ್ಪೆಲ್ಲ ಈಚೆ ತುದಿಯ ಸೆಟ್ಟಿಂಗ್‌ನಲ್ಲಿತ್ತು, ಅದೂ ಒಂದಲ್ಲ, ಒಂದರ ಹಿಂದೆ ಒಂದು.

(ಆಜ್ಞೆ, ಫೈಲ್, ಮಾಡ್ಯೂಲ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ರೂಟರ್‌ನಲ್ಲಿ ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷ್ ಸಣ್ಣಕ್ಷರಗಳೇ.)

ಮೊದಲು ಏನನ್ನು ಮುಟ್ಟಬಾರದು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಇಂಥ ಸಂದರ್ಭದಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಯೂಸರ್‌ನೇಮ್, ಪಾಸ್‌ವರ್ಡ್ ಕಡೆಗೆ. ವ್ಯರ್ಥ. ಪಿಪಿಪಿಒಇ, ಅಂದರೆ ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್‌ಗೆ ಲಾಗಿನ್ ಆಗುವ ವಿಧಾನ, ಶುರುವಾಗುವುದು ನಾಲ್ಕು ಸಣ್ಣ ಪ್ಯಾಕೆಟ್‌ಗಳಿಂದ. ನಾವು ‘ಯಾರಾದರೂ ಇದ್ದೀರಾ’ ಎಂದು ಕೂಗುವ ಪಾಡಿ, ಆಚೆಯಿಂದ ‘ಇದ್ದೇನೆ’ ಎನ್ನುವ ಪಾಡೊ, ನಂತರ ಪಾಡರ್, ಪಾಡ್ಸ್. ಪಾಸ್‌ವರ್ಡ್ ಕೇಳುವುದು ಇವೆಲ್ಲ ಮುಗಿದ ಮೇಲೆ. ಪಾಡೊವೇ ಬಂದಿಲ್ಲ ಎಂದರೆ ಪಾಸ್‌ವರ್ಡ್ ಇನ್ನೂ ಪೆಟ್ಟಿಗೆಯಿಂದ ಹೊರಗೇ ಬಿದ್ದಿಲ್ಲ. ಸ್ಪ್ಲಿಟರ್ ಬದಲಿಸುವುದು, ಲೈನ್‌ಮನ್‌ಗೆ ಫೋನ್ ಮಾಡುವುದೂ ಅಷ್ಟೇ. ಡಿಎಸ್‌ಎಲ್_ಕಂಟ್ರೋಲ್ ಸ್ಟೇಟಸ್ ಆಜ್ಞೆ ‘ಲೈನ್ ಸ್ಟೇಟ್: ಅಪ್’ ಎಂದು ಹೇಳಿ, ಪಕ್ಕದಲ್ಲಿ ‘ಶೋಟೈಮ್_ಟಿಸಿ_ಸಿಂಕ್’ ಎಂದು ತೋರಿಸುತ್ತಿದ್ದರೆ ತಂತಿ ತನ್ನ ಕೆಲಸ ಮಾಡುತ್ತಿದೆ. ಈ ಲೈನ್‌ನಲ್ಲಿ ಇಳಿವೇಗ 6142 ಕೆಬಿಪಿಎಸ್, ಏರುವೇಗ 765 ಕೆಬಿಪಿಎಸ್. ದೂರದ ಲೈನ್‌ಗೆ ಇದು ದೂರುವಂಥದ್ದಲ್ಲ.

ತಂತಿಗೂ ಪಿಪಿಪಿಒಇಗೂ ನಡುವೆ ಇರುವ ಪದರವೇ ಎಟಿಎಂ: ಹಣದ ಯಂತ್ರವಲ್ಲ, ಡೇಟಾವನ್ನು ಸೆಲ್ ಎಂಬ ಒಂದೇ ಅಳತೆಯ ತುಂಡುಗಳಾಗಿ ಸಾಗಿಸುವ ವಿಧಾನ. ಡಿಎಸ್‌ಎಲ್ ದೀಪ ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ, ಪಿಪಿಪಿ ಲಾಗ್‌ಗೂ ಅದರ ಸುದ್ದಿ ಗೊತ್ತಿಲ್ಲ.

ಮೌನದ ಕಾರಣ

ಎಡಿಎಸ್‌ಎಲ್‌ನಲ್ಲಿ ಬಳಸುವುದು ಪಿವಿಸಿ, ಅಂದರೆ ಕಾಯಂ ವರ್ಚುಯಲ್ ಸರ್ಕೀಟು. ಎಕ್ಸ್‌ಚೇಂಜಿನ ಡಿಸ್ಲಾಮ್‌ನಲ್ಲಿ (ಡಿಎಸ್‌ಎಲ್ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಒಂದು ಜೋಡಿ ಸಂಖ್ಯೆ ಬರೆದಿಟ್ಟಿರುತ್ತಾರೆ, ವಿಪಿಐ ಮತ್ತು ವಿಸಿಐ. ಈಚೆ ತುದಿಯಲ್ಲಿ ನಾವೂ ಅದೇ ಜೋಡಿಯನ್ನು ಬರೆಯಬೇಕು. ಎರಡು ತುದಿಗಳ ನಡುವೆ ಈ ಸಂಖ್ಯೆಯ ಬಗ್ಗೆ ಮಾತುಕತೆಯೇ ನಡೆಯುವುದಿಲ್ಲ. ಹೊರಡುವ ಪ್ರತಿ ಸೆಲ್ 53 ಬೈಟ್. ಅದರಲ್ಲಿ 5 ಬೈಟ್ ತಲೆಬರಹ, 48 ಬೈಟ್ ಸರಕು. ತಲೆಬರಹದಲ್ಲಿ ಈ ಜೋಡಿ ಸಂಖ್ಯೆ ಕೂತಿರುತ್ತದೆ. ಡಿಸ್ಲಾಮ್‌ಗೆ ಗೊತ್ತಿಲ್ಲದ ಸಂಖ್ಯೆ ಬಂದರೆ ಸೆಲ್ಲನ್ನು ಎಸೆಯುತ್ತದೆ. ‘ವಿಳಾಸ ತಪ್ಪಾಗಿದೆ’ ಎಂದು ವಾಪಸ್ ಹೇಳುವ ಪದ್ಧತಿ ಇಲ್ಲ. ಇತ್ತ ಕರ್ನಲ್ ಕೂಡ ಯಾವ ಸಂಖ್ಯೆ ಕೊಟ್ಟರೂ ಸಾಕೆಟ್ ತೆರೆದು ‘ಆಯಿತು’ ಎನ್ನುತ್ತದೆ. ಹಾಗಾಗಿ ಎಟಿಎಂನಲ್ಲಿ ತಪ್ಪು ಸೆಟ್ಟಿಂಗ್‌ಗೆ ದೋಷ ಸಂದೇಶವೇ ಬರುವುದಿಲ್ಲ. ಲಾಗ್ ಓದುತ್ತ ಕೂತರೆ ದಿನ ಹೋಗುತ್ತದೆ, ಓದಬೇಕಾದ್ದು ಕೌಂಟರ್‌ಗಳನ್ನು.

ಕೌಂಟರ್ ಇರುವುದು /ಪ್ರಾಕ್/ನೆಟ್/ಎಟಿಎಂ/ ಫೋಲ್ಡರಿನಲ್ಲಿ. ಮುಖ್ಯವಾದವು ಎರಡು ಫೈಲ್. ‘ಡಿವೈಸಸ್’ ಎಂಬುದರಲ್ಲಿ ಪ್ರತಿ ಎಟಿಎಂ ಸಾಧನಕ್ಕೆ ಒಂದು ಸಾಲು; ಅದರಲ್ಲಿ 5 ಎಂಬ ಅಂಕಿಯ ಮುಂದೆ ಕಂಸದೊಳಗೆ ಐದು ಸಂಖ್ಯೆ: ಕಳಿಸಿದ್ದು, ಕಳಿಸುವಾಗ ಕೆಟ್ಟದ್ದು, ಬಂದದ್ದು, ಬರುವಾಗ ಕೆಟ್ಟದ್ದು, ಬಿಸಾಡಿದ್ದು. ಆ 5 ಎಂದರೆ ಎಎಎಲ್5, ಡೇಟಾ ಸಾಗಿಸುವ ಪದರ. ‘ಬಿಆರ್2684’ ಎಂಬ ಇನ್ನೊಂದು ಫೈಲಿನಲ್ಲಿ ಎಟಿಎಂ ಮೇಲೆ ಕೂರಿಸಿದ ಈಥರ್ನೆಟ್ ಇಂಟರ್‌ಫೇಸ್‌ನ ವಿವರ.

ಮೊದಲ ತಪ್ಪು: ಎಟಿಎಂ ಸಾಧನವೇ ಇಲ್ಲ

ಈ ರೂಟರ್‌ನಲ್ಲಿ ‘ಡಿವೈಸಸ್’ ಫೈಲ್ ತೆರೆದಾಗ ತಲೆಸಾಲು ಮಾತ್ರ ಇತ್ತು, ಕೆಳಗೆ ಖಾಲಿ. ಅಂದರೆ ಎಟಿಎಂ ಡ್ರೈವರ್ ಲೋಡ್ ಆಗಿಯೇ ಇಲ್ಲ. ಆದರೂ ಇಂಟರ್‌ಫೇಸ್ ಪಟ್ಟಿಯಲ್ಲಿ ಡಿಎಸ್‌ಎಲ್0 ಇದೆ, ಅದರಿಂದ ಪಾಡಿ ಹೊರಡುತ್ತಲೂ ಇದೆ!

ಗುಟ್ಟು ಇಷ್ಟೇ. ಈ ಲ್ಯಾಂಟಿಕ್ ಚಿಪ್ ವಿಡಿಎಸ್‌ಎಲ್‌ಗೂ ಆಗುತ್ತದೆ, ಎಡಿಎಸ್‌ಎಲ್‌ಗೂ ಆಗುತ್ತದೆ. ವಿಡಿಎಸ್‌ಎಲ್2 ಸಾಮಾನ್ಯವಾಗಿ ಸಾಗುವುದು ಪಿಟಿಎಂ ಎಂಬ ವಿಧಾನದಲ್ಲಿ, ಸೆಲ್ ಇಲ್ಲದೆ. ಎಡಿಎಸ್‌ಎಲ್2+ ಸಾಗುವುದು ಎಟಿಎಂನಲ್ಲಿ. ಎರಡಕ್ಕೂ ಬೇರೆ ಬೇರೆ ಮಾಡ್ಯೂಲ್, ಒಂದು ಹೊತ್ತಿಗೆ ಒಂದೇ ಲೋಡ್ ಆಗಬೇಕು: ಎಲ್‌ಟಿಕ್ಯು_ಪಿಟಿಎಂ_ವಿಆರ್9 ಅಥವಾ ಎಲ್‌ಟಿಕ್ಯು_ಎಟಿಎಂ_ವಿಆರ್9. ಹಳೆಯ ಆವೃತ್ತಿಗಳಲ್ಲಿ ಪಿಟಿಎಂ ಇದ್ದರೆ ಇಂಟರ್‌ಫೇಸ್ ಹೆಸರು ಪಿಟಿಎಂ0, ಎಟಿಎಂ ಇದ್ದರೆ ನಾಸ್0. ನೋಡಿದೊಡನೆ ತಿಳಿಯುತ್ತಿತ್ತು. ಆಮೇಲೆ ಎರಡಕ್ಕೂ ಡಿಎಸ್‌ಎಲ್0 ಎಂದೇ ಹೆಸರಿಟ್ಟರು. ಸೆಟ್ಟಿಂಗ್ ಬರೆಯಲು ಅನುಕೂಲ, ತೊಂದರೆ ಹುಡುಕುವವರಿಗೆ ಮಾತ್ರ ಕಣ್ಣುಪಟ್ಟಿ. ಎಲ್‌ಎಸ್‌ಮಾಡ್ ಆಜ್ಞೆ ಕೊಟ್ಟು ಯಾವ ಮಾಡ್ಯೂಲ್ ಕೂತಿದೆ ಎಂದು ನೋಡುವುದು ಇಲ್ಲಿ ಕಡ್ಡಾಯ.

/ಇಟಿಸಿ/ಕಾನ್ಫಿಗ್/ನೆಟ್‌ವರ್ಕ್ ಫೈಲಿನ ‘ಡಿಎಸ್‌ಎಲ್’ ವಿಭಾಗದಲ್ಲಿ ಮೂರು ಸಾಲು ಸರಿಯಾಗಿರಬೇಕು:

ಆಪ್ಷನ್ ಅನೆಕ್ಸ್ ‘ಎ’
ಆಪ್ಷನ್ ಲೈನ್_ಮೋಡ್ ‘ಎಡಿಎಸ್‌ಎಲ್’
ಆಪ್ಷನ್ ಎಕ್ಸ್‌ಫರ್_ಮೋಡ್ ‘ಎಟಿಎಂ’

ಕೊನೆಯ ಎರಡರಲ್ಲಿ ಒಂದನ್ನು ಬರೆದರೆ ಇನ್ನೊಂದು ತಾನಾಗಿ ಹೊಂದಿಕೊಳ್ಳುತ್ತದೆ ಎಂದು ನಂಬಿ ಬಿಡಬೇಡಿ, ಎರಡನ್ನೂ ಬರೆಯಿರಿ. ಅನೆಕ್ಸ್ ‘ಎ’ ಎನ್ನುವುದು ಸಾದಾ ದೂರವಾಣಿ ಇರುವ ತಂತಿಗೆ. ‘ಬಿ’ ಐಎಸ್‌ಡಿಎನ್ ಮೇಲಿನ ಎಡಿಎಸ್‌ಎಲ್‌ಗೆ, ಜರ್ಮನಿಯಂಥ ಕಡೆ ಬೇಕಾಗುತ್ತದೆ. ಬರೆದ ಮೇಲೆ ಡಿಎಸ್‌ಎಲ್_ಕಂಟ್ರೋಲ್ ಸೇವೆಯನ್ನು ರೀಸ್ಟಾರ್ಟ್ ಮಾಡಿದರೂ ಮಾಡ್ಯೂಲ್ ಅದಲುಬದಲು ಆಗಬೇಕು, ಆದರೆ ಹಳೆಯ ಡಿಎಸ್‌ಎಲ್0 ಬಳಕೆಯಲ್ಲಿದ್ದರೆ ಮಾಡ್ಯೂಲ್ ಇಳಿಯಲು ಹಟ ಮಾಡುತ್ತದೆ. ಪೂರ್ತಿ ರೀಬೂಟ್ ಮಾಡುವುದೇ ಸಲೀಸು.

ರೀಬೂಟ್ ಆದ ಮೇಲೆ ‘ಡಿವೈಸಸ್’ ಫೈಲಿನಲ್ಲಿ ಒಂದು ಸಾಲು ಮೂಡಿತು. ಪಾಡೊ ಮಾತ್ರ ಇನ್ನೂ ಇಲ್ಲ.

ಎರಡನೆಯ ತಪ್ಪು: ಜರ್ಮನಿಯ ಸಂಖ್ಯೆ

ಈಗ ಕೌಂಟರ್ ಮಾತಾಡತೊಡಗಿತು. ಅರ್ಧ ನಿಮಿಷ ಬಿಟ್ಟು ಎರಡು ಸಲ ನೋಡಿದರೆ, ಎಎಎಲ್5ರ ‘ಕಳಿಸಿದ್ದು’ ಏರುತ್ತಿದೆ, ‘ಬಂದದ್ದು’ ಸೊನ್ನೆಯಲ್ಲೇ ನಿಂತಿದೆ. ಕೆಟ್ಟದ್ದು, ಬಿಸಾಡಿದ್ದು ಎರಡೂ ಸೊನ್ನೆ. ಒಂದೂ ದೋಷವಿಲ್ಲದೆ ಒಂದೂ ಉತ್ತರ ಬಾರದಿದ್ದರೆ ಅದು ತಪ್ಪು ಪಿವಿಸಿಯ ಅಚ್ಚುಕಟ್ಟಾದ ಲಕ್ಷಣ. ‘ಬಿಆರ್2684’ ಫೈಲಿನಲ್ಲಿ ಇದ್ದದ್ದು:

ವಿಸಿಸಿ 0.1.32: ಎನ್‌ಕ್ಯಾಪ್ಸ್=ಎಲ್‌ಎಲ್‌ಸಿ ಪೇಲೋಡ್=ಬ್ರಿಡ್ಜ್ಡ್, ಫೇಲ್ಡ್ ಕಾಪೀಸ್ 0/0

ಚುಕ್ಕೆಗಳ ನಡುವಿನ ಮೂರು ಅಂಕಿ ಎಂದರೆ ಸಾಧನದ ಸಂಖ್ಯೆ, ವಿಪಿಐ, ವಿಸಿಐ. ಓಪನ್‌ಡಬ್ಲ್ಯುಆರ್‌ಟಿ ತಾನಾಗಿ ಬರೆಯುವ ಜೋಡಿ 1/32. ಜರ್ಮನಿಯಲ್ಲಿ ಚಾಲ್ತಿಯಲ್ಲಿದ್ದ ಸಂಖ್ಯೆ ಅದು. ಭಾರತದಲ್ಲಿ ಏರ್‌ಟೆಲ್ ಎಡಿಎಸ್‌ಎಲ್ ಕೂಡ 1/32 ಬಳಸಿದ್ದರಿಂದ ಆ ಗಿರಾಕಿಗಳಿಗೆ ಏನೂ ಮುಟ್ಟದೆ ಕೆಲಸ ಆಗಿಬಿಡುತ್ತಿತ್ತು. ಬಿಎಸ್‌ಎನ್‌ಎಲ್‌ಗೆ ಬೇಕಾದದ್ದು 0/35. ಬ್ರಿಟನ್‌ನಲ್ಲಿ 0/38. ವಿಸಿಐ ಎಲ್ಲ ಕಡೆ 32 ಅಥವಾ ಅದಕ್ಕಿಂತ ಮೇಲೆ ಇರುವುದು ಕಾಕತಾಳೀಯವಲ್ಲ. 0ಯಿಂದ 31ರವರೆಗಿನವು ಎಟಿಎಂನ ಸ್ವಂತ ಕೆಲಸಕ್ಕೆ ಮೀಸಲು. 5 ಸಿಗ್ನಲಿಂಗ್‌ಗೆ, 16 ಐಎಲ್‌ಎಂಐ ಎಂಬ ನಿರ್ವಹಣೆಯ ಕೆಲಸಕ್ಕೆ.

ಅದೇ ನೆಟ್‌ವರ್ಕ್ ಫೈಲಿನ ‘ಎಟಿಎಂ-ಬ್ರಿಡ್ಜ್’ ವಿಭಾಗವನ್ನು ಹೀಗೆ ತಿದ್ದಬೇಕು:

ಆಪ್ಷನ್ ವಿಪಿಐ ‘0’
ಆಪ್ಷನ್ ವಿಸಿಐ ‘35’
ಆಪ್ಷನ್ ಎನ್‌ಕ್ಯಾಪ್ಸ್ ‘ಎಲ್‌ಎಲ್‌ಸಿ’
ಆಪ್ಷನ್ ಪೇಲೋಡ್ ‘ಬ್ರಿಡ್ಜ್ಡ್’
ಆಪ್ಷನ್ ನೇಮ್‌ಪ್ರಿಫಿಕ್ಸ್ ‘ಡಿಎಸ್‌ಎಲ್’

ತಿದ್ದಿ ಬಿಆರ್2684ಸಿಟಿಎಲ್ ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಸಾಕು, ಲೈನ್ ಮತ್ತೆ ಸಿಂಕ್ ಆಗುವವರೆಗೆ ಕಾಯಬೇಕಿಲ್ಲ. ಡಿಎಸ್‌ಎಲ್ ಪದರಕ್ಕೆ ಈ ಸಂಖ್ಯೆಗಳ ಗೊಡವೆಯೇ ಇಲ್ಲ.

ಸಂಖ್ಯೆ ಗೊತ್ತಿಲ್ಲದ ಲೈನ್ ಆದರೆ ಒಂದೊಂದೇ ಜೋಡಿ ಹಾಕಿ ನೋಡುವುದೇ ದಾರಿ: 0/35, 1/32, 0/32, 0/38, 8/35 ಈ ಕ್ರಮದಲ್ಲಿ. ಪ್ರತಿ ಸಲವೂ ಪಿಪಿಪಿಡಿ ಏಳುವುದನ್ನು ಕಾಯುವ ಬದಲು ಪಿಪಿಪಿಒಇ-ಡಿಸ್ಕವರಿ ಎಂಬ ಸಣ್ಣ ಆಜ್ಞೆಗೆ ಡಿಎಸ್‌ಎಲ್0 ಕೊಟ್ಟು ಓಡಿಸಿ. ಪಾಡೊ ಬಂದರೆ ‘ಆಕ್ಸೆಸ್-ಕಾನ್‌ಸೆಂಟ್ರೇಟರ್’ ಎಂಬ ಸಾಲು ಬೀಳುತ್ತದೆ. ಅದು ಯೂಸರ್‌ನೇಮ್ ಕೇಳುವುದಿಲ್ಲ, ಆದ್ದರಿಂದ ಪರೀಕ್ಷೆ ಶುದ್ಧವಾಗಿರುತ್ತದೆ.

ಇಲ್ಲಿ 0/35 ಹಾಕಿದೊಡನೆ ಸಾಲು ಬಿತ್ತು.

ಆಗದಿದ್ದ ಮೂರನೆಯ ತಪ್ಪು

ಎನ್‌ಕ್ಯಾಪ್ಸ್, ಅಂದರೆ ಈಥರ್ನೆಟ್ ಫ್ರೇಮನ್ನು ಎಟಿಎಂಗಾಗಿ ಸುತ್ತುವ ಬಗೆ, ಎಲ್‌ಎಲ್‌ಸಿ ಎಂದಿದ್ದದ್ದು ಈ ಲೈನ್‌ಗೆ ಸರಿಯಾಗಿಯೇ ಇತ್ತು, ಹಾಗಾಗಿ ಅದರಲ್ಲಿ ಸಿಕ್ಕಿಹಾಕಿಕೊಳ್ಳಲಿಲ್ಲ. ಬೇರೆ ಲೈನ್‌ಗಳಲ್ಲಿ ಇದು ಬೇಕಾದಷ್ಟು ಕಾಡುತ್ತದೆ. 1999ರ ಆರ್‌ಎಫ್‌ಸಿ 2684 ಎರಡು ಬಗೆ ಹೇಳುತ್ತದೆ (ಕರ್ನಲ್ ಮಾಡ್ಯೂಲ್‌ನ ಹೆಸರಿನ ಅಂಕಿ ಅಲ್ಲಿಂದಲೇ ಬಂದದ್ದು, 1993ರ 1483ನ್ನು ಅದು ಬದಲಿಸಿತು). ಎಲ್‌ಎಲ್‌ಸಿ ಬಗೆಯಲ್ಲಿ ಪ್ರತಿ ಈಥರ್ನೆಟ್ ಫ್ರೇಮಿನ ಮುಂದೆ ಹತ್ತು ಬೈಟ್ ಗುರುತು ಅಂಟುತ್ತದೆ: ಎಎ ಎಎ 03, 00 80 ಸಿ2, 00 07, ಕೊನೆಗೆ ಎರಡು ಸೊನ್ನೆ ಬೈಟ್. ವಿಸಿ-ಮಕ್ಸ್ ಬಗೆಯಲ್ಲಿ ಆ ಎರಡು ಸೊನ್ನೆ ಬೈಟ್ ಮಾತ್ರ. ಒಂದು ತುದಿ ಒಂದು ಬಗೆ, ಇನ್ನೊಂದು ತುದಿ ಇನ್ನೊಂದು ಬಗೆ ಆದರೆ ಸೆಲ್‌ಗಳು ಸರಿಯಾಗಿ ತಲುಪುತ್ತವೆ, ಎಎಎಲ್5 ಫ್ರೇಮ್ ಸರಿಯಾಗಿ ಜೋಡಣೆಯಾಗುತ್ತದೆ, ಆಮೇಲೆ ಗುರುತು ಹೊಂದದೆ ಬಿಸಾಡಲ್ಪಡುತ್ತದೆ. ಲಕ್ಷಣ ಪಿವಿಸಿ ತಪ್ಪಿನದಕ್ಕಿಂತ ಬೇರೆ: ಆಚೆಯಿಂದ ಏನಾದರೂ ಬಂದಾಗ ಎಟಿಎಂ ‘ಡಿವೈಸಸ್’ನಲ್ಲಿ ‘ಬಂದದ್ದು’ ಏರುತ್ತದೆ, ಜೊತೆಗೇ ಡಿಎಸ್‌ಎಲ್0ಯ ಆರ್‌ಎಕ್ಸ್ ಎರರ್ ಏರುತ್ತದೆ. ಮೊದಲನೆಯದು ಸೊನ್ನೆಯೇ ಇದ್ದರೆ ಪಿವಿಸಿ ತಿದ್ದಿ. ಎರಡೂ ಒಟ್ಟಿಗೆ ಏರಿದರೆ ಎನ್‌ಕ್ಯಾಪ್ಸ್ ತಿದ್ದಿ.

ಸಾದಾ ಪಿಸಿಯಲ್ಲಿ ಸ್ವಂತ ಕರ್ನಲ್ ಕಟ್ಟುವವರಿಗೆ ಒಂದು ಮಾತು. ‘ನೆಟ್‌ವರ್ಕಿಂಗ್ ಆಪ್ಷನ್ಸ್’ ಒಳಗಿನ ಎಟಿಎಂ ವಿಭಾಗದಲ್ಲಿ ಕ್ಲಿಪ್, ಲೇನ್, ಎಂಪಿಒಎ ಎಂದೆಲ್ಲ ಆಯ್ಕೆಗಳು ಕಾಣುತ್ತವೆ. ಅವೆಲ್ಲ ಕ್ಯಾಂಪಸ್‌ಗಳಲ್ಲಿ ಎಟಿಎಂ ಸ್ವಿಚ್ ಇದ್ದ ಕಾಲದವು, ಡಿಎಸ್‌ಎಲ್‌ಗೆ ಬೇಡ. ಬೇಕಾದದ್ದು ಮೂಲ ಎಟಿಎಂ, ಬಿಆರ್2684, ಜೊತೆಗೆ ಪಿಪಿಪಿಒಇ. ನಡುವೆ ಈಥರ್ನೆಟ್ ಇಲ್ಲದೆ ಪಿಪಿಪಿಯನ್ನು ನೇರ ಎಟಿಎಂ ಮೇಲೆ ಕೂರಿಸುವ ಪಿಪಿಪಿಒಎ ಲೈನ್ ಆದರೆ ಬಿಆರ್2684 ಬದಲಿಗೆ ಪಿಪಿಪಿಒಎಟಿಎಂ. ಹಳೆಯ ಪಿಸಿಐ ಎಟಿಎಂ ಕಾರ್ಡ್ ಗುಜರಿಯಲ್ಲಿ ಸಿಕ್ಕಿತೆಂದು ಖುಷಿಪಡುವ ಮೊದಲು ನಿಮ್ಮ ಕರ್ನಲ್‌ನಲ್ಲಿ ಅದರ ಡ್ರೈವರ್ ಇನ್ನೂ ಇದೆಯೇ ನೋಡಿ. 2022ರಲ್ಲಿ ಅಂಥ ಕೆಲವನ್ನು ಕರ್ನಲ್‌ನಿಂದಲೇ ತೆಗೆದುಹಾಕಿದರು.

ಸಂಪರ್ಕ ಬಂತು, ಮಾತು ಇನ್ನೂ ತುಂಡಾಗುತ್ತಿದೆ

ಪಿಪಿಪಿ ಎದ್ದಿತು, ಸ್ಪೀಡ್‌ಟೆಸ್ಟ್ 5.2 ಎಂಬಿಪಿಎಸ್ ತೋರಿಸಿತು. 6.1 ಎಲ್ಲಿ, 5.2 ಎಲ್ಲಿ ಎಂದು ಗಾಬರಿಯಾಗಬೇಕಿಲ್ಲ. ಲೆಕ್ಕ ಹಾಕಿ ನೋಡಿ. ಪಿಪಿಪಿಒಇಯಲ್ಲಿ ದೊಡ್ಡ ಐಪಿ ಪ್ಯಾಕೆಟ್ 1492 ಬೈಟ್. ಅದಕ್ಕೆ ಪಿಪಿಪಿ, ಪಿಪಿಪಿಒಇ ಸೇರಿ 8, ಈಥರ್ನೆಟ್ 14, ಎಲ್‌ಎಲ್‌ಸಿ 10, ಎಎಎಲ್5ರ ಬಾಲ 8. ಒಟ್ಟು ಹೆಚ್ಚುವರಿ 40, ಮೊತ್ತ 1532. ಇದನ್ನು 48ರ ಸೆಲ್‌ಗಳಿಗೆ ತುಂಬಿದರೆ 32 ಸೆಲ್, ಕೊನೆಯದರಲ್ಲಿ 4 ಬೈಟ್ ಖಾಲಿ. 32 ಸೆಲ್ ಎಂದರೆ ತಂತಿಯ ಮೇಲೆ 1696 ಬೈಟ್. ಆ 1492ರಲ್ಲಿ ಐಪಿ, ಟಿಸಿಪಿ ತಲೆಬರಹ ಸೇರಿ 52 ಕಳೆದರೆ ಬಳಕೆದಾರನಿಗೆ ಸಿಗುವುದು 1440, ಅಂದರೆ ಶೇ. 85. 6142ರ ಶೇ. 85 ಎಂದರೆ 5.2 ಎಂಬಿಪಿಎಸ್. ಲೈನ್ ಕೊಡಬೇಕಾದ್ದನ್ನು ಕೊಡುತ್ತಿದೆ.

ವಿಸಿ-ಮಕ್ಸ್ ಆಗಿದ್ದರೆ 8 ಬೈಟ್ ಉಳಿಯುತ್ತಿತ್ತಲ್ಲ ಎಂದು ಆಸೆಪಡುವುದೂ ಬೇಡ: 1524 ಬೈಟ್ ಕೂಡ 32 ಸೆಲ್ಲೇ ತಿನ್ನುತ್ತದೆ. ಎಂಟಿಯುವನ್ನು (ಪ್ಯಾಕೆಟ್‌ನ ಗರಿಷ್ಠ ಅಳತೆ) 1448ಕ್ಕೆ ಇಳಿಸಿದರೆ ಸರಿಯಾಗಿ 31 ಸೆಲ್ ತುಂಬುತ್ತದೆ ಎಂಬ ಸಲಹೆಯೂ ಓಡಾಡುತ್ತಿರುತ್ತದೆ. ಐಪಿ ಲೆಕ್ಕದಲ್ಲಿ ಶೇ. 87.97 ಹೋಗಿ ಶೇ. 88.13 ಆಗುತ್ತದೆ, ಟಿಸಿಪಿ ತಲೆಬರಹ ಕಳೆದರೆ ಆ ಚೂರು ಲಾಭವೂ ಕರಗುತ್ತದೆ. ಬಿಟ್ಟುಬಿಡಿ.

ಸಣ್ಣ ಪ್ಯಾಕೆಟ್‌ನಲ್ಲಿ ಮಾತ್ರ ಎಟಿಎಂ ತೆರಿಗೆ ನಿಜಕ್ಕೂ ಕಚ್ಚುತ್ತದೆ. ಜಿ.729 ಕೋಡೆಕ್‌ನ ಧ್ವನಿ ಪ್ಯಾಕೆಟ್ 60 ಬೈಟ್. 40 ಸೇರಿಸಿ 100. ಎರಡು ಸೆಲ್‌ಗೆ 96 ಮಾತ್ರ ಹಿಡಿಯುತ್ತದೆ, ಉಳಿದ ನಾಲ್ಕು ಬೈಟ್‌ಗಾಗಿ ಮೂರನೆಯ ಸೆಲ್ ಹೊರಡಬೇಕು. ತಂತಿಯ ಮೇಲೆ 159 ಬೈಟ್. ಸೆಕೆಂಡಿಗೆ 50 ಪ್ಯಾಕೆಟ್‌ನಂತೆ ಒಂದು ಕರೆಗೆ 63.6 ಕೆಬಿಪಿಎಸ್. ಐಪಿ ಲೆಕ್ಕದಲ್ಲಿ ಅದು ಬರೀ 24.

ಮೊದಲ ಬಾರಿ ಎಸ್‌ಕ್ಯುಎಂ (ವೇಗಕ್ಕೆ ಮಿತಿ ಹಾಕಿ ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಸೌಲಭ್ಯ) ಹಾಕಿದಾಗ ತಪ್ಪಿದ್ದು ಇಲ್ಲೇ. ಏರುವೇಗಕ್ಕೆ 650 ಕೆಬಿಪಿಎಸ್ ಮಿತಿ ಕೊಟ್ಟು, ಲಿಂಕ್ ಲೇಯರ್ ‘ನನ್’ ಎಂದು ಬಿಡಲಾಗಿತ್ತು. ದೊಡ್ಡ ಪ್ಯಾಕೆಟ್ ಮಾತ್ರ ಹೋಗುವಾಗ 650 ಎಂದರೆ ತಂತಿಯಲ್ಲಿ 739, ಲೈನ್‌ನ 765ರ ಒಳಗೇ. ಎರಡು ಕರೆ ಶುರುವಾದೊಡನೆ ಚಿತ್ರ ಬದಲು. ಕ್ಯೂ ಲೆಕ್ಕದಲ್ಲಿ ಕರೆಗಳಿಗೆ 48, ಅಪ್‌ಲೋಡ್‌ಗೆ 602. ತಂತಿಯ ಲೆಕ್ಕದಲ್ಲಿ ಕರೆಗಳಿಗೆ 127, ಅಪ್‌ಲೋಡ್‌ಗೆ 684, ಒಟ್ಟು 811. ಲೈನ್ ಮೀರಿತು. ಮಿಕ್ಕ ಪ್ಯಾಕೆಟ್‌ಗಳು ಡ್ರೈವರ್‌ನ ಸಾಲಿನಲ್ಲಿ ನಿಲ್ಲತೊಡಗುತ್ತವೆ, ಅಲ್ಲಿ ಧ್ವನಿಗೆ ಆದ್ಯತೆ ಇಲ್ಲ. ಈ ಲೈನ್‌ನಲ್ಲಿ ಒಂದು ದೊಡ್ಡ ಪ್ಯಾಕೆಟ್ ಹೊರಡಲು 17.7 ಮಿಲಿಸೆಕೆಂಡ್, ಐವತ್ತು ಸಾಲುಗಟ್ಟಿದರೆ ಹೆಚ್ಚುಕಡಿಮೆ 0.9 ಸೆಕೆಂಡ್. ಕರೆ ಶುರುವಾದಾಗ ಮಾತ್ರ ಕರೆ ಕೆಡುವ ಈ ವಿಚಿತ್ರದಿಂದ ಎಷ್ಟೋ ಜನ ಎಸ್‌ಕ್ಯುಎಂ ಮೇಲೇ ನಂಬಿಕೆ ಕಳೆದುಕೊಂಡಿದ್ದಾರೆ.

ಇದರಲ್ಲೊಂದು ವ್ಯಂಗ್ಯವಿದೆ. 48 ಬೈಟ್ ಎಂಬ ಅಳತೆ ಹುಟ್ಟಿದ್ದೇ ಧ್ವನಿಗಾಗಿ: ಯುರೋಪಿನವರು 32 ಬೇಕೆಂದರು, ಅಮೆರಿಕದವರು 64 ಎಂದರು, ನಡುವೆ ಮುರಿದು 48 ಮಾಡಿದರು. ದೊಡ್ಡ ಫೈಲಿನ ಸೆಲ್‌ಗಳ ನಡುವೆ ಮಾತಿನ ಸೆಲ್ ನುಸುಳಿ ಹೋಗಲಿ ಎಂಬುದು ಉದ್ದೇಶ. ಎಎಎಲ್5ರಲ್ಲಿ ಒಂದೇ ಸರ್ಕೀಟಿನ ಒಂದು ಫ್ರೇಮ್ ಮುಗಿಯದೆ ಇನ್ನೊಂದರ ಸೆಲ್ ನಡುವೆ ನುಗ್ಗುವಂತಿಲ್ಲ. ಮನೆ ಲೈನ್‌ಗೆ ಪಿವಿಸಿ ಒಂದೇ. ಹೀಗಾಗಿ ನುಸುಳುವ ಅನುಕೂಲ ಸಿಗಲಿಲ್ಲ, ಸೆಲ್‌ಗೆ ಐದು ಬೈಟ್ ತೆರಿಗೆ ಮಾತ್ರ ಉಳಿಯಿತು.

ಸರಿಪಡಿಸಿದ ಸೆಟ್ಟಿಂಗ್: ಎಸ್‌ಕ್ಯುಎಂ ಇಂಟರ್‌ಫೇಸ್ ‘ಪಿಪಿಪಿಒಇ-ವ್ಯಾನ್’, ಕ್ಯೂ ವಿಧಾನ ‘ಕೇಕ್’, ಲಿಂಕ್ ಲೇಯರ್ ‘ಎಟಿಎಂ’, ಓವರ್‌ಹೆಡ್ 40. ಕೇಕ್‌ನ ಭಾಷೆಯಲ್ಲಿ ಇದಕ್ಕೆ ‘ಪಿಪಿಪಿಒಇ-ಎಲ್‌ಎಲ್‌ಸಿಸ್ನ್ಯಾಪ್’ ಎಂಬ ಸಿದ್ಧ ಪದವೂ ಇದೆ. ವಿಸಿ-ಮಕ್ಸ್ ಲೈನ್ ಆದರೆ 32. ಎಟಿಎಂ ಎಂದು ಹೇಳಿದ ಮೇಲೆ ಕೇಕ್ ಪ್ರತಿ ಪ್ಯಾಕೆಟ್ಟನ್ನು ಸೆಲ್‌ಗೆ ದುಂಡಾಗಿಸಿ 53ರ ಲೆಕ್ಕದಲ್ಲೇ ಎಣಿಸುತ್ತದೆ. ಆದ್ದರಿಂದ ಮಿತಿಯನ್ನು ಸಿಂಕ್ ವೇಗದ ಹತ್ತಿರಕ್ಕೆ ಧೈರ್ಯವಾಗಿ ಏರಿಸಬಹುದು: ಏರುವುದಕ್ಕೆ 720, ಇಳಿಯುವುದಕ್ಕೆ 5500. ಇಳಿವೇಗದಲ್ಲಿ ಹೆಚ್ಚು ಜಾಗ ಬಿಟ್ಟಿರುವುದು ಬೇಕೆಂದೇ. ಆ ಕಡೆಯ ಸಾಲು ಇರುವುದು ಎಕ್ಸ್‌ಚೇಂಜಿನಲ್ಲಿ; ನಾವು ಇಲ್ಲಿಂದ ಬ್ರೇಕ್ ಹಾಕಿ ಆಚೆಯವರು ನಿಧಾನವಾಗುವಂತೆ ಮಾಡುತ್ತಿರುವುದಷ್ಟೆ. ಸ್ಪೀಡ್‌ಟೆಸ್ಟ್ ಈಗ 4.6ರ ಆಸುಪಾಸು ನಿಲ್ಲುತ್ತದೆ. ಅದೇ ಬೆಲೆ.

ಇನ್ನೆರಡು ಸಣ್ಣ ವಿಷಯ. ಕೆಲವು ಸೈಟ್ ಮಾತ್ರ ತೆರೆಯದೆ ಸತಾಯಿಸಿದರೆ ಫೈರ್‌ವಾಲ್‌ನ ವ್ಯಾನ್ ವಲಯದಲ್ಲಿ ‘ಎಂಟಿಯು_ಫಿಕ್ಸ್’ 1 ಇದೆಯೇ ನೋಡಿ. 1500 ಎಂದುಕೊಂಡು ಬರುವ ಟಿಸಿಪಿಯನ್ನು 1492ಕ್ಕೆ ಒಗ್ಗಿಸುವುದು ಅದು. ಇನ್ನೊಂದು, ಪ್ಲಗ್ ಕಿತ್ತು ಹಾಕಿ ರೀಬೂಟ್ ಮಾಡುತ್ತ ಹೋದರೆ ಹಳೆಯ ಸೆಷನ್ ಆಚೆ ತುದಿಯಲ್ಲಿ ಜೀವಂತ ಉಳಿದಿರುತ್ತದೆ. ಆಗ ಪಾಡೊ ಬಂದೂ ಲಾಗಿನ್ ನಿರಾಕರಣೆಯಾಗಬಹುದು. ಕೆಲವು ನಿಮಿಷ ಸುಮ್ಮನಿದ್ದು ಮತ್ತೆ ಪ್ರಯತ್ನಿಸಿ. ವ್ಯಾನ್ ಇಳಿಸಲು ಇಫ್‌ಡೌನ್ ಬಳಸಿದರೆ ಪಿಪಿಪಿ ಹೇಳಿ ಹೊರಡುತ್ತದೆ, ಈ ಪೀಕಲಾಟ ಬರುವುದಿಲ್ಲ.

ಕೊನೆಗೆ ರೂಟರ್‌ನ ತಳದಲ್ಲಿ ಒಂದು ಚೀಟಿ ಅಂಟಿಸಲಾಯಿತು: ಎಡಿಎಸ್‌ಎಲ್, ಎಟಿಎಂ, 0/35, ಎಲ್‌ಎಲ್‌ಸಿ, ಓವರ್‌ಹೆಡ್ 40. ಸೆಟ್ಟಿಂಗ್ ಉಳಿಸಿಕೊಳ್ಳದೆ ಯಾರಾದರೂ ಫರ್ಮ್‌ವೇರ್ ಮತ್ತೆ ತುಂಬಿದರೆ ಅದು ಪುನಃ 1/32ಕ್ಕೆ ಮರಳುತ್ತದೆ, ದೀಪ ಆಗಲೂ ಹಸಿರಾಗಿಯೇ ಇರುತ್ತದೆ.